‘ಒಂದು ಕಡಿಮೆ ಇದೆ, ಸಾರ್’: ಸಂಕೀರ್ಣ ಕೆಲಸ, ನಾಯಕತ್ವ ಮತ್ತು ಕಿರಿಯರ ಮಾತು



ತಮ್ಮ ಗುರುಗಳ ಹೆಸರು ಉಳಿಯಲಿ ಎಂದು ಶಿಷ್ಯರು ಕೂಡಿಸಿಟ್ಟ ಹಣದಿಂದ ಈ ಉಪನ್ಯಾಸ ವರ್ಷ ವರ್ಷ ನಡೆದುಬಂದಿದೆ. ಆ ಋಣದ ಭಾವದಲ್ಲಿಯೇ ನಾನೂ ಇಲ್ಲಿ ನಿಂತಿದ್ದೇನೆ. ನಾನು ವೃತ್ತಿಯಲ್ಲಿ ಅರಿವಳಿಕೆ ವೈದ್ಯ. ಮೂರು ದಶಕಕ್ಕೂ ಹೆಚ್ಚು ಕಾಲ ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತವನು. ನಾಯಕತ್ವದ ಬಗ್ಗೆ, ವೃತ್ತಿಯಲ್ಲಿ ಬೆಳೆಯುವುದರ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ನನಗೆ ಮೊದಲು ನೆನಪಾದವರು ಒಬ್ಬ ಸ್ಟಾಫ್ ನರ್ಸ್. ಅವರಿಂದಲೇ ಶುರುಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅಂದು ಹೊಟ್ಟೆಯ ದೊಡ್ಡ ಆಪರೇಷನ್. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಎರಡೂವರೆಯಾದರೂ ಮುಗಿದಿರಲಿಲ್ಲ. ನಡುವೆ ರಕ್ತಸ್ರಾವ ಜೋರಾಗಿ ಎಲ್ಲರೂ ಸುಸ್ತಾಗಿದ್ದರು. ರಕ್ತ ಹೀರಲು ಹೊಟ್ಟೆಯೊಳಗೆ ಇಡುವ ದಪ್ಪ ಬಟ್ಟೆಗೆ ನಾವು ಮಾಪು ಎನ್ನುತ್ತೇವೆ. ಐದೈದರ ಕಟ್ಟಿನಲ್ಲಿ ಬರುತ್ತದೆ. ಒಂದೊಂದು ಕಟ್ಟು ಬಿಚ್ಚಿದಾಗಲೂ ಗೋಡೆಯ ಬೋರ್ಡಿನ ಮೇಲೆ ಬರೆಯಬೇಕು. ಹೊಟ್ಟೆ ಮುಚ್ಚುವ ಮುಂಚೆ ಹೊರಗೆ ಬಂದವನ್ನೆಲ್ಲ ಎಣಿಸಿ ತಾಳೆ ನೋಡಬೇಕು. ರಕ್ತದಲ್ಲಿ ನೆನೆದ ಮಾಪು ಕರುಳಿನ ಮಧ್ಯೆ ಸೇರಿಕೊಂಡರೆ ಕರುಳಿನ ಹಾಗೆಯೇ ಕಾಣುತ್ತದೆ.

ಸರ್ಜನ್ ಹೊಲಿಗೆ ಕೇಳಿದರು. ಸಿಸ್ಟರ್ ಹೇಳಿದರು: “ಒಂದು ಕಡಿಮೆ ಇದೆ, ಸಾರ್.”

“ಸರಿಯಾಗಿ ಎಣಿಸಿ, ಅಲ್ಲೇ ಎಲ್ಲೋ ಇರುತ್ತೆ.”

ಅವರು ಬಕೆಟ್ಟಿನಿಂದ ಒಂದೊಂದಾಗಿ ತೆಗೆದು ನೆಲದ ಮೇಲೆ ಹಾಸಿದ ಹಾಳೆಯ ಮೇಲೆ ಐದೈದು ಜೋಡಿಸಿದರು. “ಎರಡು ಸಲ ಎಣಿಸಿದ್ದೇವೆ ಸಾರ್. ಮೂವತ್ತು ಕೊಟ್ಟಿದ್ದೆ, ಇಪ್ಪತ್ತೊಂಬತ್ತು ಬಂದಿದೆ.”

ಸರ್ಜನ್‌ಗೆ ಕೋಪ ಬಂತು. ಇಪ್ಪತ್ತೈದು ವರ್ಷದಿಂದ ಹೊಟ್ಟೆ ತೆರೆಯುತ್ತಿದ್ದೇನೆ, ಏನು ಬಿಟ್ಟಿದ್ದೇನೆ ಎಂದು ನನಗೆ ಗೊತ್ತು, ಹೊಲಿಗೆ ಕೊಡಿ ಎಂದು ಕೈ ಚಾಚಿದರು. ಸಿಸ್ಟರ್ ಸೂಜಿ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ಕ್ಷಮಿಸಿ ಸಾರ್. ಲೆಕ್ಕ ಸರಿಹೋಗುವವರೆಗೆ ನಾನು ಸೂಜಿ ಕೊಡುವುದಿಲ್ಲ.”

ಥಿಯೇಟರಿನಲ್ಲಿ ಮಾನಿಟರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸರ್ಜನ್ ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಮತ್ತೆ ಕೈಯನ್ನು ಒಳಗಿಳಿಸಿ, ಎಡಗಡೆ ಮೇಲಕ್ಕೆ, ಗುಲ್ಮದ ಹಿಂಬದಿಯವರೆಗೆ ತಡಕಿದರು. ಮೂವತ್ತನೆಯ ಮಾಪು ಅಲ್ಲಿತ್ತು.

ಈ ಕಥೆಯಲ್ಲಿ ನನ್ನ ಪಾಲು ಏನು ಎಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ರಕ್ತಸ್ರಾವದ ಗಡಿಬಿಡಿಯಲ್ಲಿ ಸರ್ಜನ್ ಎಡಗೈಯಿಂದ ಒಂದು ಮಾಪನ್ನು ಮೇಲಕ್ಕೆ ಒತ್ತಿ ಇಟ್ಟದ್ದನ್ನು ನಾನು ನೋಡಿದ್ದೆ. ತಲೆಯ ಕಡೆ ಕುಳಿತವನಿಗೆ ಅದು ಚೆನ್ನಾಗಿ ಕಾಣುತ್ತದೆ. ಸಿಸ್ಟರ್ ಮೊದಲ ಸಲ ‘ಒಂದು ಕಡಿಮೆ’ ಎಂದಾಗಲೇ ನನಗೆ ಅದು ನೆನಪಾಗಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಹೊಸಬ, ಕಿರಿಯ, ನನ್ನ ಕೆಲಸ ಅರಿವಳಿಕೆ, ಮಾಪಿನ ಲೆಕ್ಕ ನನ್ನದಲ್ಲ. ಸುಮ್ಮನಿರಲು ಇಷ್ಟು ಕಾರಣಗಳು ನನಗೆ ಒಂದೇ ಕ್ಷಣದಲ್ಲಿ ಸಿಕ್ಕಿದವು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಅಂದು ನನ್ನ ಆ ಬಂಗಾರದ ಬೆಲೆಯನ್ನು ರೋಗಿ ತೆರಬೇಕಾಗಿತ್ತು. ಅದನ್ನು ತಪ್ಪಿಸಿದ್ದು ಆ ಸಿಸ್ಟರ್ ಆಡಿದ ಒಂದು ವಾಕ್ಯ.

ಇಂದಿನ ನನ್ನ ಮಾತೆಲ್ಲ ಆ ವಾಕ್ಯದ ಸುತ್ತಲೇ ಇದೆ. ಸಂಕೀರ್ಣವಾದ ಕೆಲಸದಲ್ಲಿ ಕಿರಿಯರ ಬಾಯಿಂದ ಅಂಥ ವಾಕ್ಯ ಹೊರಬರುವಂತೆ ಮಾಡುವುದೇ ನಾಯಕನ ಮೊದಲ ಕೆಲಸ. ಅಂಥ ವಾಕ್ಯವನ್ನು ಹೇಳಲು, ಅದನ್ನು ಕೇಳಿಸಿಕೊಳ್ಳಲು ಕಲಿಯುವುದೇ ವೃತ್ತಿಯಲ್ಲಿ ಬೆಳೆಯುವುದು.

ಗಡಿಯಾರ ಮತ್ತು ಮದುವೆ ಮನೆ

‘ಸಂಕೀರ್ಣ’ ಎಂಬ ಪದವನ್ನು ನಾವು ಕಷ್ಟದ ಕೆಲಸಕ್ಕೆಲ್ಲ ಬಳಸುತ್ತೇವೆ. ಎರಡೂ ಒಂದೇ ಅಲ್ಲ. ಹಳೆಯ ಗೋಡೆ ಗಡಿಯಾರದ ರಿಪೇರಿ ಕಷ್ಟದ ಕೆಲಸ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಒಬ್ಬ ಕುಶಲಿಗನಿಗೆ ಅದರ ಪ್ರತಿಯೊಂದು ಹಲ್ಲುಚಕ್ರವೂ ಗೊತ್ತಿರುತ್ತದೆ. ಇಡೀ ಗಡಿಯಾರ ಅವನೊಬ್ಬನ ತಲೆಯಲ್ಲಿ ಹಿಡಿಸುತ್ತದೆ. ಮದುವೆ ಮನೆ ಹಾಗಲ್ಲ. ಅಡುಗೆ ಭಟ್ಟರಿಗೆ ಅನ್ನ ಎಷ್ಟು ಬೆಂದಿದೆ ಎಂದು ಗೊತ್ತು, ಪುರೋಹಿತರಿಗೆ ಮುಹೂರ್ತ ಗೊತ್ತು, ದಿಬ್ಬಣದ ಬಸ್ಸು ಎಲ್ಲಿ ನಿಂತಿದೆ ಎಂದು ಡ್ರೈವರಿಗೆ ಗೊತ್ತು. ಮಳೆ ಬಂದರೆ ಚಪ್ಪರ ಎಲ್ಲಿ ಸೋರುತ್ತದೆ ಎಂದು ಅದನ್ನು ಕಟ್ಟಿದ ಹುಡುಗನಿಗೆ ಗೊತ್ತು. ಯಜಮಾನರಿಗೆ ಇವೆಲ್ಲವೂ ಒಟ್ಟಿಗೆ ಗೊತ್ತಿರಲು ಸಾಧ್ಯವಿಲ್ಲ. ಬಸ್ಸು ತಡವಾದರೆ ಮುಹೂರ್ತ ಜಾರುತ್ತದೆ, ಮುಹೂರ್ತ ಜಾರಿದರೆ ಅನ್ನ ಆರುತ್ತದೆ. ಒಂದರ ಹೆಚ್ಚುಕಡಿಮೆ ಇನ್ನೊಂದಕ್ಕೆ ತಗಲುತ್ತದೆ.

ಇಂದಿನ ಆಪರೇಷನ್ ಥಿಯೇಟರ್, ವಿಮಾನದ ಕಾಕ್‌ಪಿಟ್, ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮು, ಬೆಂಗಳೂರಿನ ಸಾಫ್ಟ್‌ವೇರ್ ತಂಡ ಎಲ್ಲವೂ ಮದುವೆ ಮನೆಯ ಜಾತಿಗೆ ಸೇರಿದವು. ಬೇಕಾದ ತಿಳಿವಳಿಕೆ ಹತ್ತು ಜನರಲ್ಲಿ ಹಂಚಿಹೋಗಿದೆ. ಅದರಲ್ಲಿ ತುಂಬ ಮುಖ್ಯವಾದದ್ದು ಎಷ್ಟೋ ಸಲ ಎಲ್ಲರಿಗಿಂತ ಕಿರಿಯರ ಬಳಿ ಇರುತ್ತದೆ. ಯಾಕೆಂದರೆ ಕೆಲಸಕ್ಕೆ ಎಲ್ಲರಿಗಿಂತ ಹತ್ತಿರ ಇರುವವರು ಅವರೇ. ಆ ತಿಳಿವಳಿಕೆ ನಿರ್ಧಾರ ಮಾಡುವವರನ್ನು ತಲುಪಬೇಕಾದರೆ ಅದಕ್ಕಿರುವ ದಾರಿ ಒಂದೇ, ಮಾತು. ಆ ದಾರಿಯಲ್ಲಿ ಹೆದರಿಕೆ ಅಡ್ಡ ಕೂತಿದ್ದರೆ, ಮೇಲಿರುವವರು ಎಷ್ಟೇ ಬುದ್ಧಿವಂತರಾದರೂ ಕುರುಡರೇ.

ಎರಡು ರನ್‌ವೇಗಳು

ಈ ಪಾಠವನ್ನು ಜಗತ್ತಿಗೆ ಕಲಿಸಿದ್ದು ವಿಮಾನಯಾನ. ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಟೆನೆರಿಫೆ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಹಲವು ವಿಮಾನಗಳನ್ನು ಇಲ್ಲಿಗೆ ತಿರುಗಿಸಿದ್ದರು. ದಟ್ಟ ಮಂಜು ಕವಿದಿತ್ತು. ಡಚ್ ಸಂಸ್ಥೆ ಕೆಎಲ್‌ಎಂನ ಜಂಬೋ ವಿಮಾನ ರನ್‌ವೇಯ ತುದಿಯಲ್ಲಿ ಹೊರಡಲು ನಿಂತಿತ್ತು. ಅದೇ ರನ್‌ವೇಯಲ್ಲಿ ಪ್ಯಾನ್ ಆ್ಯಮ್‌ನ ಇನ್ನೊಂದು ಜಂಬೋ ಅದರ ಎದುರಿಗೆ ನಿಧಾನವಾಗಿ ಬರುತ್ತಿತ್ತು. ಕೆಎಲ್‌ಎಂನ ಕ್ಯಾಪ್ಟನ್ ಸಾಮಾನ್ಯರಲ್ಲ, ಆ ಸಂಸ್ಥೆಯ ಪೈಲಟ್‌ಗಳಿಗೆ ತರಬೇತಿ ಕೊಡುವ ಹಿರಿಯರು. ಅವರು ಹೊರಡಲು ಮುಂದಾದಾಗ, ಇನ್ನೂ ಅನುಮತಿ ಬಂದಿಲ್ಲ ಎಂದು ಸಹ ಪೈಲಟ್ ಒಮ್ಮೆ ತಡೆದರು. ಸ್ವಲ್ಪ ಹೊತ್ತಿನಲ್ಲಿ ಕ್ಯಾಪ್ಟನ್ ಎರಡನೆಯ ಸಲ ಹೊರಟೇಬಿಟ್ಟಾಗ ಅವರು ನೇರವಾಗಿ ತಡೆಯಲಿಲ್ಲ. ಹಿಂದೆ ಕುಳಿತಿದ್ದ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವೇ ಎಂದು ಕೇಳಿದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾದವು. 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಒಂದೇ ಅಪಘಾತದಲ್ಲಿ ಅಷ್ಟು ಜನ ಇನ್ನೆಂದೂ ಸತ್ತಿಲ್ಲ.

ಎರಡನೆಯ ರನ್‌ವೇ ನಮ್ಮದೇ ಮಂಗಳೂರಿನ ಬಜಪೆಯದು. 2010ರ ಮೇ 22, ಶನಿವಾರ ಬೆಳಿಗ್ಗೆ ಆರು ಗಂಟೆ ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿದ್ದವರು 166 ಜನ. ಊರಿಗೆ ಮರಳುತ್ತಿದ್ದವರು, ಮದುವೆಗೆ ಬರುತ್ತಿದ್ದವರು, ಸಾವಿನ ಸುದ್ದಿ ಕೇಳಿ ಹೊರಟುಬಂದವರು. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ಕರಾವಳಿಯಲ್ಲಿ ಆ ದಿನವನ್ನು ಮರೆತ ಮನೆ ಇಲ್ಲ. ಅವರನ್ನು ಕಳೆದುಕೊಂಡವರ ದುಃಖಕ್ಕೆ ತಲೆಬಾಗಿಯೇ ಇದನ್ನು ಹೇಳುತ್ತಿದ್ದೇನೆ.

ತನಿಖಾ ವರದಿ ಸಾರ್ವಜನಿಕ ದಾಖಲೆ. ಅದರ ಪ್ರಕಾರ ಕ್ಯಾಪ್ಟನ್ ಪ್ರಯಾಣದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬ ಮೇಲಿತ್ತು. ಸಹ ಪೈಲಟ್ ಅದನ್ನು ಗುರುತಿಸಿದರು. ಇಳಿಯುವುದು ಬೇಡ, ಮೇಲೆದ್ದು ಇನ್ನೊಂದು ಸುತ್ತು ಬರೋಣ ಎಂಬ ಅರ್ಥದ ‘ಗೋ ಅರೌಂಡ್’ ಎಂಬ ಮಾತನ್ನು ಮೂರು ಸಲ ಹೇಳಿದರು. ವಿಮಾನದ ಯಂತ್ರವೂ ಎಚ್ಚರಿಕೆ ಕೊಡುತ್ತಿತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಮುಗಿದ ಮೇಲೆ ಚಕ್ರ ನೆಲಕ್ಕೆ ತಾಗಿತು. ಇಳಿದ ಮೇಲೂ ಮನಸ್ಸು ಬದಲಿಸಿ ಮತ್ತೆ ಹಾರಲು ಯತ್ನಿಸಿದ್ದರಿಂದ ಇದ್ದ ಕೊನೆಯ ಅವಕಾಶವೂ ಕೈತಪ್ಪಿತು. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ರನ್‌ವೇಯ ಆಚೆ ಇರುವುದು ಕಣಿವೆ.

ಟೆನೆರಿಫೆಯಲ್ಲಿ ಎಂಜಿನಿಯರ್ ಒಂದು ಸಲ ಕೇಳಿ ಸುಮ್ಮನಾದರು. ಮಂಗಳೂರಿನಲ್ಲಿ ಸಹ ಪೈಲಟ್ ಮೂರು ಸಲ ಹೇಳಿದರೂ ವಿಮಾನದ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಏಕೆ? ತನಿಖಾ ವರದಿಯ ಒಂದು ಮಾತು ಇಲ್ಲಿ ಬಹಳ ಮುಖ್ಯ. ಅಂಥ ಹೊತ್ತಿನಲ್ಲಿ ವಿಮಾನವನ್ನು ಮೇಲೆಬ್ಬಿಸುವ ಅಧಿಕಾರ ಸಹ ಪೈಲಟ್‌ಗೆ ಇದೆಯೇ ಎಂಬ ವಿಷಯದಲ್ಲಿ ಬೇರೆ ಬೇರೆ ಸೂಚನೆಗಳು ಅಸ್ಪಷ್ಟವಾಗಿದ್ದವು, ಅವರು ಹಿಂಜರಿಯಲು ಬಹುಶಃ ಅದೂ ಕಾರಣ ಎಂದು ವರದಿ ಹೇಳಿತು. ಅಂದರೆ ಆ ಸಹ ಪೈಲಟ್ ನೋಡಬೇಕಾದದ್ದನ್ನು ನೋಡಿದ್ದರು, ಹೇಳಬೇಕಾದದ್ದನ್ನು ಹೇಳಿದ್ದರು. ಮುಂದಿನ ಹೆಜ್ಜೆಗೆ ಅವರಿಗೆ ಬೇಕಿದ್ದ ಆಸರೆ ಕಾಗದದ ಮೇಲೆ ಗಟ್ಟಿಯಾಗಿರಲಿಲ್ಲ. ನಮ್ಮ ಸಿಸ್ಟರ್ ಸೂಜಿ ಕೊಡಲಿಲ್ಲ. ಲೆಕ್ಕ ಸರಿಹೋಗದೆ ಸೂಜಿ ಕೊಡಕೂಡದು ಎಂಬ ನಿಯಮ ಅವರ ಬೆನ್ನಿಗಿತ್ತು. ಧೈರ್ಯವನ್ನು ಒಬ್ಬೊಬ್ಬರ ಸ್ವಭಾವಕ್ಕೆ ಬಿಟ್ಟುಬಿಡುವ ಸಂಸ್ಥೆ ಜೂಜಾಡುತ್ತಿದೆ. ಧೈರ್ಯಕ್ಕೆ ನಿಯಮದ ಬೆಂಬಲ ಕೊಡುವುದು ನಾಯಕರ ಹೊಣೆ.

ಆಕಾಶದಿಂದ ಬಂದ ಪಾಠ

ಟೆನೆರಿಫೆಯ ಮರುವರ್ಷ, 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಇನ್ನೊಂದು ವಿಮಾನ ಬಿತ್ತು. ಚಕ್ರದ ತೊಂದರೆಯೊಂದನ್ನು ಸರಿಪಡಿಸುವುದರಲ್ಲಿಯೇ ಕ್ಯಾಪ್ಟನ್ ಮುಳುಗಿಹೋಗಿದ್ದರು. ಇಂಧನ ಇಳಿಯುತ್ತಿದ್ದದ್ದು ಜೊತೆಯವರಿಗೆ ಗೊತ್ತಿತ್ತು, ಸೂಚ್ಯವಾಗಿ ಹೇಳಿಯೂ ಇದ್ದರು. ಆ ಮಾತು ಕ್ಯಾಪ್ಟನ್‌ರ ಮನಸ್ಸಿಗೆ ತಟ್ಟುವಷ್ಟು ಗಟ್ಟಿಯಾಗಿರಲಿಲ್ಲ. ವಿಮಾನ ಇಂಧನ ಮುಗಿದು ಬಿದ್ದು ಹತ್ತು ಜನ ಸತ್ತರು. 1979ರಲ್ಲಿ ನಾಸಾ ಒಂದು ಕಾರ್ಯಾಗಾರ ಕರೆದು, ಕಾಕ್‌ಪಿಟ್‌ನಲ್ಲಿರುವವರ ತಿಳಿವಳಿಕೆಯನ್ನೆಲ್ಲ ಒಟ್ಟಿಗೆ ಬಳಸುವುದು ಹೇಗೆ ಎಂದು ಚರ್ಚಿಸಿತು. ಅಲ್ಲಿಂದ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ತರಬೇತಿ ಬೆಳೆಯಿತು. ಕಿರಿಯರು ಸ್ಪಷ್ಟವಾಗಿ ಹೇಳುವುದನ್ನು, ಹಿರಿಯರು ಕೇಳಿಸಿಕೊಳ್ಳುವುದನ್ನು, ವಿಮಾನ ಹಾರಿಸುವ ವಿದ್ಯೆಯಷ್ಟೇ ಗಂಭೀರವಾಗಿ ಅದು ಕಲಿಸಿತು.

ಅದರ ಫಲ ಏನೆಂದು 1989ರ ಜುಲೈ 19ರಂದು ಕಂಡಿತು. ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ವಿಮಾನದಲ್ಲಿ 296 ಜನರಿದ್ದರು. ಬಾಲದ ಎಂಜಿನ್ ಒಡೆದು ಅದರ ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿಹಾಕಿದವು. ವಿಮಾನವನ್ನು ತಿರುಗಿಸಲು ಏನೂ ಉಳಿಯಲಿಲ್ಲ. ಇಂಥ ಸ್ಥಿತಿಗೆ ಯಾವ ಕೈಪಿಡಿಯಲ್ಲೂ ಉತ್ತರ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ತಮ್ಮ ಸಹ ಪೈಲಟ್‌ನನ್ನೂ ಎಂಜಿನಿಯರನ್ನೂ ಕೇಳಿದರು. ಪ್ರಯಾಣಿಕರ ನಡುವೆ ಕುಳಿತಿದ್ದ ಡೆನ್ನಿಸ್ ಫಿಚ್ ಎಂಬ ತರಬೇತುದಾರ ಪೈಲಟ್ ಸಹಾಯಕ್ಕೆ ಬರಲೇ ಎಂದಾಗ ಅವರನ್ನೂ ಒಳಗೆ ಕರೆದರು. ಫಿಚ್ ನೆಲದ ಮೇಲೆ ಮಂಡಿಯೂರಿ, ಉಳಿದ ಎರಡು ಎಂಜಿನ್‌ಗಳ ಶಕ್ತಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಚ್ಚುಕಡಿಮೆ ಮಾಡುತ್ತ ವಿಮಾನವನ್ನು ತಿರುಗಿಸಿದರು. ಸೂ ಸಿಟಿಯ ರನ್‌ವೇಗೆ ಅದು ಅಪ್ಪಳಿಸಿದಾಗ 112 ಜನ ಸತ್ತರು. 184 ಜನ ಬದುಕಿದರು. ಆ ತರಬೇತಿ ಇಲ್ಲದಿದ್ದರೆ ಅಷ್ಟು ಜನ ಉಳಿಯುತ್ತಿರಲಿಲ್ಲ ಎಂದು ಹೇನ್ಸ್ ಮುಂದೆ ಊರೂರು ತಿರುಗಿ ಹೇಳಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಹೇನ್ಸ್ ತಮ್ಮ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಎಲ್ಲಿ ಇಳಿಯಬೇಕು, ಯಾವಾಗ ಇಳಿಯಬೇಕು ಎಂಬ ನಿರ್ಧಾರ ಅವರದೇ ಆಗಿತ್ತು. ಎಲ್ಲರೂ ಮಾತಾಡಲಿ ಎಂದರೆ ಎಲ್ಲರೂ ಸ್ಟೀರಿಂಗ್ ಹಿಡಿಯಲಿ ಎಂದಲ್ಲ. ನಿರ್ಧಾರ ಒಬ್ಬರದು, ಆದರೆ ಆ ಒಬ್ಬರು ನಾಲ್ವರ ಕಣ್ಣಿನಿಂದ ನೋಡಿ ನಿರ್ಧಾರ ಮಾಡಿದರು.

ಪಟ್ಟಿ ಇದ್ದರೆ ಸಾಲದು

ವೈದ್ಯಲೋಕ ಈ ಪಾಠವನ್ನು ತಡವಾಗಿ ಕಲಿಯಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಒಂದು ಪುಟದ ಸುರಕ್ಷತಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಥಿಯೇಟರಿನಿಂದ ಹೊರಗೆ ಹೋಗುವ ಮುಂಚೆ, ಹೀಗೆ ಮೂರು ಸಲ ತಂಡ ನಿಂತು ಗಟ್ಟಿಯಾಗಿ ಓದಿ ಖಚಿತ ಮಾಡಿಕೊಳ್ಳಬೇಕು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ, ಅವುಗಳಲ್ಲಿ ದೆಹಲಿಯದೂ ಒಂದು, ಅದನ್ನು ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ತೊಡಕುಗಳು ಶೇ. 11ರಿಂದ ಶೇ. 7ಕ್ಕೆ ಇಳಿದಿದ್ದವು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ.

ಆ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದ ಸಾಲು ಒಂದಿದೆ. ಚರ್ಮ ಕೊಯ್ಯುವ ಮುಂಚೆ ಥಿಯೇಟರಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಮೊದಲ ಸಲ ನೋಡಿದಾಗ ಇದು ಉಪಚಾರ ಎನಿಸಿತು. ಮಾಡಿ ನೋಡಿದ ಮೇಲೆ ಅದರ ಗುಟ್ಟು ತಿಳಿಯಿತು. ಬೆಳಿಗ್ಗೆ ಒಮ್ಮೆ ಬಾಯಿ ಬಿಟ್ಟು ತನ್ನ ಹೆಸರು ಹೇಳಿದವರಿಗೆ ಮಧ್ಯಾಹ್ನ ‘ಒಂದು ಕಡಿಮೆ ಇದೆ’ ಎನ್ನುವುದು ಅಷ್ಟು ಕಷ್ಟವಾಗುವುದಿಲ್ಲ. ಇಡೀ ದಿನ ಬಾಯಿಯನ್ನೇ ತೆರೆಯದವರ ಗಂಟಲು ಅಪಾಯದ ಹೊತ್ತಿಗೆ ಕಟ್ಟಿಕೊಂಡಿರುತ್ತದೆ.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಪಟ್ಟಿಯನ್ನು ಕಡ್ಡಾಯ ಮಾಡಿದ ಮೇಲೆ 101 ಆಸ್ಪತ್ರೆಗಳ ಅಂಕಿಅಂಶವನ್ನು ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾವು ಮತ್ತು ತೊಡಕುಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಇದಕ್ಕೆ ಕಾರಣಗಳ ಬಗ್ಗೆ ವಾದಗಳಿವೆ. ನನ್ನ ಅನುಭವ ಇಷ್ಟು ಹೇಳುತ್ತದೆ: ಸರ್ಜನ್ ಒಳಗೆ ಬರುವ ಮುಂಚೆಯೇ ಎಲ್ಲ ಚೌಕಕ್ಕೂ ಟಿಕ್ ಹಾಕಿ ಮುಗಿಸಿದ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಕಾಗದ ಮಾತಾಡಿತ್ತು, ಮನುಷ್ಯರು ಮಾತಾಡಿರಲಿಲ್ಲ. ಮೇಲಿಂದ ಸುತ್ತೋಲೆಯಾಗಿ ಇಳಿದದ್ದು ಕೆಳಗೆ ಸಹಿಯಾಗಿ ಮುಗಿಯುತ್ತದೆ. ತಂಡದ ಮುಖ್ಯಸ್ಥರು ತಾವೇ ನಿಂತು, ಕೈ ಕಟ್ಟಿ, ಕಿವಿಗೊಟ್ಟಾಗ ಮಾತ್ರ ಆ ಪಟ್ಟಿಗೆ ಜೀವ ಬರುತ್ತದೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ಬಂದ ಲೆಕ್ಕ ತಿರುವುಮುರುವು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕೂಲಂಕಷವಾಗಿ ನೋಡಿದಾಗ ಅರ್ಥವಾದದ್ದು, ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ತಪ್ಪುಗಳು ಇರಲಿಲ್ಲವೆಂದಲ್ಲ, ಮುಚ್ಚಿಹೋಗಿದ್ದವು. ಇಲ್ಲಿರುವ ಮೇಲಧಿಕಾರಿಗಳಲ್ಲಿ ನನ್ನ ವಿನಂತಿ: ನಿಮ್ಮ ಕಚೇರಿಯಿಂದ ಒಂದೂ ದೂರು, ಒಂದೂ ತಪ್ಪಿನ ವರದಿ ಬರುತ್ತಿಲ್ಲವಾದರೆ ನಿಶ್ಚಿಂತೆಯಿಂದ ಇರಬೇಡಿ. ಒಮ್ಮೆ ಕೆಳಗಿನ ಮಹಡಿಗೆ ಇಳಿದುಹೋಗಿ.

‘ಸಾರ್’ ಎಂಬ ಪದ

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಪದರವಿದೆ. ನಮ್ಮ ಭಾಷೆಯಲ್ಲಿಯೇ ಹಿರಿಕಿರಿತನ ಬೆರೆತಿದೆ. ‘ನೀನು’, ‘ನೀವು’, ‘ತಾವು’ಗಳ ನಡುವೆ ಆಯ್ಕೆ ಮಾಡದೆ ನಾವು ಒಂದು ವಾಕ್ಯವನ್ನೂ ಆಡಲಾರೆವು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಮನೆಯಲ್ಲಿ ಕಲಿಸಿದ್ದಾರೆ. ಮೇಲಿನವರಿಗೆ ‘ಬೇಡ’ ಎನ್ನುವ ಬದಲು ನಾವು ಬಳಸುವ ಮೆತ್ತನೆಯ ಮಾತುಗಳು ಎಷ್ಟು! ‘ನೋಡೋಣ ಸಾರ್’, ‘ಹಾಗೂ ಮಾಡಬಹುದು ಸಾರ್’, ‘ತಾವು ಹೇಳಿದ ಹಾಗೆ’. ಇವುಗಳಲ್ಲಿ ಯಾವುದು ಒಪ್ಪಿಗೆ, ಯಾವುದು ಆತಂಕ ಎಂದು ಗುರುತಿಸಲು ಮುಖ ನೋಡಬೇಕು. ಥಿಯೇಟರಿನಲ್ಲಿ ಮುಖಕ್ಕೆ ಮಾಸ್ಕ್ ಇರುತ್ತದೆ. ಫೋನಿನಲ್ಲಿ, ಈಮೇಲಿನಲ್ಲಿ ಮುಖವೇ ಇರುವುದಿಲ್ಲ.

ಹಾಗಾದರೆ ‘ಸಾರ್’ ಎನ್ನುವುದನ್ನು ಬಿಟ್ಟು ಎಲ್ಲರೂ ಹೆಸರು ಹಿಡಿದು ಕರೆದರೆ ಸರಿಹೋದೀತೇ? ಹಲವು ಕಂಪನಿಗಳು ಹಾಗೆ ಮಾಡಿವೆ. ಹೆಸರು ಹಿಡಿದು ಕರೆದೂ ಹೆದರುವವರನ್ನು ನಾನು ನೋಡಿದ್ದೇನೆ. ಆ ಸಿಸ್ಟರ್ ಆಡಿದ ಮಾತನ್ನು ಮತ್ತೆ ನೆನಪಿಸಿಕೊಳ್ಳಿ. ಮೂರು ಸಲವೂ ಅವರು ‘ಸಾರ್’ ಎಂದರು. ಕೊನೆಯ ಸಲ ‘ಕ್ಷಮಿಸಿ’ ಎಂದೂ ಸೇರಿಸಿದರು. ಗೌರವ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಮೂರು ಸಲವೂ ಅವರ ಮಾತಿನಲ್ಲಿ ಒಂದು ಗಟ್ಟಿ ಸಂಗತಿ ಇತ್ತು: ಒಂದು ಕಡಿಮೆ, ಮೂವತ್ತಕ್ಕೆ ಇಪ್ಪತ್ತೊಂಬತ್ತು, ಸೂಜಿ ಕೊಡುವುದಿಲ್ಲ. ಗೌರವವೂ ಸತ್ಯವೂ ಒಂದೇ ವಾಕ್ಯದಲ್ಲಿ ಜೊತೆಗಿರಬಲ್ಲವು. ನಮ್ಮ ಕನ್ನಡಕ್ಕೆ ಆ ಶಕ್ತಿ ಇದೆ, ಅದನ್ನು ರೂಢಿ ಮಾಡಿಕೊಳ್ಳಬೇಕು.

ಬೆಳೆಯುವ ಬಗೆ

ಇಲ್ಲಿರುವ ವಿದ್ಯಾರ್ಥಿಗಳಿಗೆ ಈಗ ನಾಲ್ಕು ಮಾತು. ವೃತ್ತಿಯಲ್ಲಿ ಬೆಳೆಯುವುದೆಂದರೆ ಹುದ್ದೆ ಏರುವುದು ಎಂದು ನಾವು ತಿಳಿದಿದ್ದೇವೆ. ನಮ್ಮ ಯಕ್ಷಗಾನ ಮೇಳಗಳನ್ನು ನೋಡಿ. ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯುತ್ತಾನೆ. ಮುಂದೆ ಸಣ್ಣಪುಟ್ಟ ವೇಷ, ಪುಂಡುವೇಷ, ಹೀಗೆ ಹಂತ ಹಂತವಾಗಿ ಏರುತ್ತಾನೆ. ಚೌಕಿಯಲ್ಲಿ ಕುಳಿತು ಹಿರಿಯರು ಬಣ್ಣ ಹಾಕುವುದನ್ನು ನೋಡುತ್ತಾನೆ, ರಂಗದ ಬದಿಯಿಂದ ಅವರ ಅರ್ಥಗಾರಿಕೆಯನ್ನು ಕೇಳುತ್ತಾನೆ. ಅವನು ಕಲಿಯುವ ದೊಡ್ಡ ವಿದ್ಯೆ ಕಿವಿಯದು. ಯಕ್ಷಗಾನದ ಮಾತು ಬರೆದಿಟ್ಟದ್ದಲ್ಲ. ಎದುರು ವೇಷಧಾರಿ ಏನು ಕೇಳಿದ ಎಂದು ಕೇಳಿಸಿಕೊಳ್ಳದೆ ಉತ್ತರ ಹೇಳಲಾಗದು. ಆಟವನ್ನು ನಡೆಸುವ ಭಾಗವತರೂ ಹಾಗೆಯೇ. ಚೆಂಡೆ, ಮದ್ದಳೆ, ವೇಷಧಾರಿಯ ಉಸಿರು ಎಲ್ಲದಕ್ಕೂ ಕಿವಿ ತೆರೆದಿಟ್ಟುಕೊಂಡೇ ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಸಂಕೀರ್ಣ ಕೆಲಸದ ನಾಯಕನ ಚಿತ್ರ ಬೇಕೆಂದರೆ ನನಗೆ ಅಲ್ಲೇ ಸಿಗುತ್ತದೆ.

ಕಿರಿಯರಾಗಿರುವಾಗ ಮಾತನ್ನು ಅಭ್ಯಾಸ ಮಾಡಿ. ಅದು ಧೈರ್ಯವಂತರಿಗೆ ಹುಟ್ಟಿನಿಂದ ಬಂದ ಗುಣ ಎಂದು ತಿಳಿಯಬೇಡಿ. ಹೊಲಿಗೆ ಹಾಕುವ ಹಾಗೆ ಅದೂ ಕೈಗೂಡುವ ವಿದ್ಯೆ. ನಾನು ನನ್ನ ವಿದ್ಯಾರ್ಥಿಗಳಿಗೆ ಮೂರು ಭಾಗದ ವಾಕ್ಯ ಹೇಳಿಕೊಡುತ್ತಿದ್ದೆ. ನಾನು ಕಂಡದ್ದು ಏನು, ಅದರಿಂದ ನನಗಿರುವ ಅಂಜಿಕೆ ಏನು, ಈಗ ಏನು ಆಗಬೇಕು. “ಸಾರ್, ಬಿಪಿ ಎಪ್ಪತ್ತಕ್ಕೆ ಇಳಿದಿದೆ. ಒಳಗೆಲ್ಲೋ ರಕ್ತ ಹೋಗುತ್ತಿರಬಹುದು ಎಂದು ಭಯವಾಗುತ್ತಿದೆ. ಐದು ನಿಮಿಷ ನಿಲ್ಲಿಸಿ ನೋಡೋಣ.” ತಾಲ್ಲೂಕು ಕಚೇರಿಯಲ್ಲೂ, ಬ್ಯಾಂಕಿನಲ್ಲೂ, ಶುಕ್ರವಾರ ರಾತ್ರಿ ಸಾಫ್ಟ್‌ವೇರ್ ಬಿಡುಗಡೆ ಮಾಡುವಾಗಲೂ ಈ ವಾಕ್ಯ ನಡೆಯುತ್ತದೆ.

ನಿಮ್ಮ ಅನುಮಾನ ಕೆಲವೊಮ್ಮೆ ತಪ್ಪೂ ಆಗುತ್ತದೆ. ಅಂದು ಆ ಸಿಸ್ಟರ್ ಎಣಿಕೆ ತಪ್ಪಿದ್ದರೆ ಹದಿನೈದು ನಿಮಿಷ ಹಾಳಾಗುತ್ತಿತ್ತು, ಬೈಗುಳ ಸಿಗುತ್ತಿತ್ತು. ಅವರು ಸುಮ್ಮನಿದ್ದು ಅನುಮಾನ ನಿಜವಾಗಿದ್ದರೆ? ಈ ಎರಡು ನಷ್ಟಗಳನ್ನು ತಕ್ಕಡಿಯಲ್ಲಿಟ್ಟು ನೋಡಿ, ಆಮೇಲೆ ನಿರ್ಧರಿಸಿ.

ಹಿರಿಯರಾದ ಮೇಲೆ ಪ್ರಶ್ನೆ ಕೇಳುವ ಬಗೆಯನ್ನು ಬದಲಿಸಿಕೊಳ್ಳಿ. ‘ಎಲ್ಲ ಸರಿ ಇದೆ ತಾನೇ?’ ಎಂದು ಕೇಳಿದರೆ ‘ಹೌದು ಸಾರ್’ ಎಂಬ ಒಂದೇ ಉತ್ತರಕ್ಕೆ ಜಾಗವಿದೆ. ಆ ‘ತಾನೇ’ ಎಂಬ ಎರಡಕ್ಷರ ಬಾಗಿಲು ಹಾಕಿಬಿಡುತ್ತದೆ. ‘ನಾನು ಏನು ಬಿಟ್ಟಿದ್ದೇನೆ, ಹೇಳಿ’ ಎಂದು ಕೇಳಿ. ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ಮೊದಲೇ ಹೇಳಿದರೆ ಉಳಿದವರೆಲ್ಲ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಯಾರಾದರೂ ಕೆಟ್ಟ ಸುದ್ದಿ ತಂದಾಗ ನಿಮ್ಮ ಮುಖದ ಮೇಲೆ ಮೊದಲು ಏನು ಮೂಡುತ್ತದೆಯೋ ಅದನ್ನು ಇಡೀ ತಂಡ ಓದುತ್ತದೆ, ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಯಾರಿಗೆ ಯಾವಾಗ ಕೆಲಸ ನಿಲ್ಲಿಸುವ ಅಧಿಕಾರವಿದೆ ಎಂಬುದನ್ನು ಬರೆದಿಡಿ, ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ. ಬಜಪೆಯ ಕಣಿವೆ ನಮಗೆ ಕಲಿಸಿದ್ದು ಅದನ್ನು.

ನಮ್ಮ ಆ ಸರ್ಜನ್ ಏನು ಮಾಡಿದರು ಎಂದು ನೀವು ಕೇಳಬಹುದು. ಅಂದು ಅವರು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಆಪರೇಷನ್ ಶುರುವಾಗುವ ಮುಂಚೆ ಎಲ್ಲರ ಎದುರಿಗೆ, “ಸಿಸ್ಟರ್, ನಿನ್ನೆ ನೀವು ಸೂಜಿ ಕೊಡದೆ ಇದ್ದದ್ದು ಒಳ್ಳೆಯದಾಯಿತು” ಎಂದರು. ಅಂದಿನಿಂದ ನಿವೃತ್ತರಾಗುವವರೆಗೂ ಮಾಪಿನ ಲೆಕ್ಕ ಹೇಳುವ ಹೊತ್ತಿಗೆ ಅವರು ಎರಡೂ ಕೈಯನ್ನು ಎದೆಯ ಮುಂದೆ ಜೋಡಿಸಿ ನಿಂತುಬಿಡುತ್ತಿದ್ದರು. ‘ಸರಿ ಇದೆ ಸಾರ್’ ಎಂದು ಕೇಳಿದ ಮೇಲೆಯೇ ಕೈ ಚಾಚುತ್ತಿದ್ದರು. ನಾನು ಕಂಡ ದೊಡ್ಡ ನಾಯಕರಲ್ಲಿ ಅವರೂ ಒಬ್ಬರು.

ನಾನು ವಿಭಾಗದ ಮುಖ್ಯಸ್ಥನಾದ ಮೇಲೆ ಪ್ರತಿದಿನ ಬೆಳಿಗ್ಗೆ ತಂಡಕ್ಕೆ ಒಂದು ಮಾತು ಹೇಳುತ್ತಿದ್ದೆ: “ನನ್ನ ಕೈಯಲ್ಲಿ ತಪ್ಪು ಔಷಧ ಕಂಡರೆ ನನ್ನ ಕೈ ಹಿಡಿಯಿರಿ.” ವರ್ಷಗಟ್ಟಲೆ ಹೇಳಿದೆ. ಒಂದು ರಾತ್ರಿ ಎರಡು ಗಂಟೆಗೆ ತುರ್ತು ಸಿಸೇರಿಯನ್. ತಾಯಿಯನ್ನು ಕೂರಿಸಿ ಬೆನ್ನಿಗೆ ಅರಿವಳಿಕೆ ಕೊಡಬೇಕು. ಆ ಔಷಧದ ಆಂಪೂಲೂ, ರಕ್ತಸ್ರಾವ ತಡೆಯಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್‌ನ ಆಂಪೂಲೂ ಕೆಲವು ಸಲ ನೋಡಲು ಒಂದೇ ತರಹ ಇರುತ್ತವೆ. ಎರಡನೆಯದು ಬೆನ್ನುಹುರಿಯ ಬಳಿ ಸೇರಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿದೆ. ನಾನು ಆಂಪೂಲು ಒಡೆದು ಸಿರಿಂಜಿಗೆ ಎಳೆಯಲು ಹೊರಟಿದ್ದೆ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಒಟಿ ಟೆಕ್ನಿಷಿಯನ್ ಹುಡುಗ ನನ್ನ ಮಣಿಕಟ್ಟು ಹಿಡಿದ. ಅವನ ಕೈ ನಡುಗುತ್ತಿತ್ತು.

“ಹೆಸರು ಒಂದ್ಸಲ ಓದಿ, ಸಾರ್.”

ನಾನು ಓದಿದೆ. ಆಂಪೂಲನ್ನು ಕೆಳಗಿಟ್ಟೆ. ಸರಿಯಾದದ್ದನ್ನು ಅವನೇ ತಂದುಕೊಟ್ಟ. ಈ ಸಲ ಇಬ್ಬರೂ ಗಟ್ಟಿಯಾಗಿ ಓದಿದೆವು. ಮುಕ್ಕಾಲು ಗಂಟೆಯಲ್ಲಿ ಮಗು ಅತ್ತಿತು. ಹೆಣ್ಣು ಮಗು. ಐದನೆಯ ದಿನ ತಾಯಿ ಮಗುವನ್ನು ಎತ್ತಿಕೊಂಡು ನಡೆದು ಮನೆಗೆ ಹೋದರು.

ಹೊಸಬನಾಗಿ ನಾನು ಆಡದೆ ಉಳಿಸಿಕೊಂಡ ಮಾತನ್ನು, ಅಂದಿನ ನನ್ನ ಹಾಗೆಯೇ ಹೊಸಬನಾಗಿದ್ದ ಆ ಹುಡುಗ ನನಗೇ ಹೇಳಿದ. ನನ್ನ ವೃತ್ತಿಜೀವನದಲ್ಲಿ ನಾನು ಏನಾದರೂ ಬೆಳೆದಿದ್ದರೆ, ಅವನು ಹಾಗೆ ನನ್ನ ಕೈ ಹಿಡಿಯಬಲ್ಲವನಾದದ್ದರಲ್ಲಿ ಆ ಬೆಳವಣಿಗೆ ಇದೆ ಎಂದು ನಂಬಿದ್ದೇನೆ.